ದಾರಿಹೋಕನ ಮಾತು ಕದ್ದವರು

ಕಳವಾದದ್ದು ಗೊತ್ತಾಗಿದ್ದು ಬೆಳಿಗ್ಗೆ, ಹೊಲಿಗೆ ಅಂಗಡಿಯಲ್ಲಿ. ಬೀಗ ಮುರಿದಿರಲಿಲ್ಲ. ಒಂದು ತುಂಡು ಬಟ್ಟೆಯೂ ಕದಲಿರಲಿಲ್ಲ. ಹೋಗಿದ್ದು ಒಬ್ಬ ಸತ್ತ ಮನುಷ್ಯನ ಮಾತುಗಳು.

ಅಂಗಡಿಯ ಒಡತಿ ಜಿಗಣೆಗೆ ಫೋನ್ ಮಾಡಿದಳು. ಜಿಗಣೆ ಸಂಜೆಪತ್ರಿಕೆಯೊಂದರ ಅಪರಾಧ ವರದಿಗಾರ್ತಿ. ಹಿಡಿದದ್ದನ್ನು ಬಿಡುವವಳಲ್ಲವೆಂದು ಬ್ಲಾಗ್ ಬಳಗದವರು ಇಟ್ಟ ಹೆಸರು ಅದು. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು.

“ನನ್ನ ಬ್ಲಾಗಲ್ಲಿ ನಮ್ಮವರ ಕಾಮೆಂಟು ಒಂದೂ ಇಲ್ಲ ಕಣೇ. ನಾನು ಬರೆದಿದ್ದು ಇದೆ, ಬೇರೆಯವರು ಬರೆದಿದ್ದೂ ಇದೆ. ಅವರದ್ದು ಮಾತ್ರ ಇಲ್ಲ.”

“ಏನೂ ಮುಟ್ಟಬೇಡಿ ಅಕ್ಕ. ಬಂದೆ.”

ಒಂದು ಕಾಲದಲ್ಲಿ ಬಳಗದಲ್ಲಿ ಎಲ್ಲಿ ನೋಡಿದರೂ ಬ್ಲಾಗುಗಳೇ. ಅಡುಗೆ, ಪ್ರವಾಸ, ಪದ್ಯ, ಪರನಿಂದೆ. ಒಬ್ಬರು ಬರೆದರೆ ಹತ್ತು ಮಂದಿ ಊಟ ಬಿಟ್ಟು ಕಾಮೆಂಟು ಹಾಕುತ್ತಿದ್ದರು. ಅಕ್ಕ ಹೊಲಿಗೆ ಅಂಗಡಿಯ ಕಥೆ ಬರೆಯುತ್ತಿದ್ದಳು. ಕೈಯಲ್ಲಿ ಗುಂಡಿಯ ಕಾಜಾ ಹೊಲಿಯುವುದರ ಬಗ್ಗೆ ಬರೆದಾಗ ‘ದಾರಿಹೋಕ’ ಎಂಬ ಹೆಸರಿನವನೊಬ್ಬ ಮೊದಲ ಸಲ ಕಾಮೆಂಟು ಹಾಕಿದ. ಔಷಧಿ ಅಂಗಡಿಯಲ್ಲಿ ಕೂತು, ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗ ಬರೆಯುತ್ತಿದ್ದ. ಮಾತು ಕಮ್ಮಿಯ ಮನುಷ್ಯ. ಬಾಯಲ್ಲಿ ಬಾರದ್ದು ಬೆರಳಲ್ಲಿ ಬರುತ್ತಿತ್ತು. ಇಬ್ಬರ ಪ್ರೇಮವೂ ಕಾಮೆಂಟಿನಲ್ಲೇ, ಎಲ್ಲರ ಕಣ್ಣೆದುರೇ ನಡೆದು ಮದುವೆಯಾಯಿತು.

ಆಮೇಲೆ ಬಳಗ ಸೊರಗಿತು. ಕೆಲವರು ವಿಡಿಯೋ ಮಾಡಲು ಹೋದರು. ಕೆಲವರಿಗೆ ಮಕ್ಕಳು, ಕೆಲವರಿಗೆ ಬಡ್ತಿ, ಕೆಲವರಿಗೆ ಮಂಡಿನೋವು. ಎರಡು ವರ್ಷದ ಹಿಂದೆ ದಾರಿಹೋಕನೂ ತೀರಿಕೊಂಡ. ಅವನ ಧ್ವನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಅಕ್ಕನಿಗೆ ಉಳಿದದ್ದು ಆ ಕಾಮೆಂಟುಗಳೇ. ದಿನವೂ ಒಂದನ್ನು ಓದಿಯೇ ಅವಳು ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದಳು.

“ಇದು ಮೆಣಸಿನಕಾಯಿ ಕೆಲಸ,” ಅಂದಳು ಅಕ್ಕ.

ಮೆಣಸಿನಕಾಯಿ ಅಂದರೆ ಬಳಗದ ಹಲ್ಲಿನ ಡಾಕ್ಟರು. ಅವರಿಗೂ ದಾರಿಹೋಕನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, ಆದರೂ ಅಕ್ಕನ ಬ್ಲಾಗಿನಲ್ಲಿ ಅವನು ಏನು ಬರೆದರೂ ಇವರು ಹಾಜರಾಗಿ ಜಗಳ ತೆಗೆಯುತ್ತಿದ್ದರು. ಬೇಸತ್ತ ಅಕ್ಕ, ಮದುವೆಯಾದ ವರ್ಷವೇ ಅವರ ಕಾಮೆಂಟುಗಳು ತನ್ನ ಕಣ್ಣಿಗೆ ಬೀಳದ ಹಾಗೆ ಮರೆಮಾಡಿಟ್ಟಿದ್ದಳು. ಬಳಗದ ಬ್ಲಾಗುಗಳಿರುವ ತಾಣದಲ್ಲಿ ಖಾತೆ ಅಳಿಸುವ ಅಧಿಕಾರವಿದ್ದ ಮೇಲ್ವಿಚಾರಕರಲ್ಲಿ ಬಳಗ ಬಿಡದೆ ಉಳಿದವರೂ ಅವರೊಬ್ಬರೇ.

ಜಿಗಣೆ ತಲೆ ಅಲ್ಲಾಡಿಸಿದಳು. “ಹಗೆ ಇದ್ದಿದ್ರೆ ಭಾವ ಬದುಕಿದ್ದಾಗಲೇ ತೀರಿಸ್ಕೊಳ್ತಿದ್ರು. ಎರಡು ವರ್ಷ ಯಾಕೆ ಕಾಯ್ತಾರೆ?”

ಅವಳು ಬೇರೆಯವರ ಬ್ಲಾಗುಗಳನ್ನು ತೆರೆದಳು. ಅಲ್ಲೂ ದಾರಿಹೋಕ ಇರಲಿಲ್ಲ. ‘ಹೌದು ದಾರಿಹೋಕರೇ’, ‘ನಕ್ಕು ಸಾಕಾಯ್ತು ದಾರಿಹೋಕರೇ’ ಎಂಬ ಉತ್ತರಗಳಷ್ಟೇ ಉಳಿದಿದ್ದವು.

“ನಿಮ್ಮ ಬ್ಲಾಗಿಗೆ ಯಾರೂ ನುಗ್ಗಿಲ್ಲ ಅಕ್ಕ. ಭಾವನ ಖಾತೆಯನ್ನೇ ಅಳಿಸಿದಾರೆ. ಪಾಸ್‌ವರ್ಡ್ ಯಾರ ಹತ್ರ ಇದೆ?”

ಅಕ್ಕ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದಳು.

“ಮಗಳ ಹತ್ರ. ‘ನೀನು ಹೀಗೇ ಕೂತಿದ್ರೆ ಒಂದಿನ ನಾನೇ ಎಲ್ಲ ಅಳಿಸಿಬಿಡ್ತೀನಿ’ ಅಂತ ಹೋದ ವಾರ ಜಗಳ ಆಡಿದ್ಳು. ಕೋಪದಲ್ಲಿ ಅಂದಿದ್ದು.”

*

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದಳು. ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು.

“ಎಲ್ಲಾ ಹೋಯ್ತಾ, ಆಂಟಿ?”

“ನೀನು ಅಳಿಸಿಲ್ವಾ?”

“ಬಾಯಿ ಮಾತಿಗೆ ಅಂದೆ. ಅಳಿಸೋಣ ಅಂದ್ರೂ ಆಗ್ತಿರ್ಲಿಲ್ಲ. ಆ ಪಾಸ್‌ವರ್ಡ್ ಕೆಲಸ ಮಾಡೋದು ಬಿಟ್ಟು ತಿಂಗಳಾಯ್ತು.”

“ನೀನ್ಯಾಕೆ ಅಪ್ಪನ ಖಾತೆಗೆ ಹೋಗೋಕೆ ನೋಡ್ದೆ?”

ಹುಡುಗಿ ಕೈಯಲ್ಲಿದ್ದ ಗಾಜನ್ನು ಒರೆಸಿದ್ದನ್ನೇ ಒರೆಸಿದಳು. “ಒಳಗೆ ಹೋದ್ರೆ ‘ಸ್ವಾಗತ, ದಾರಿಹೋಕ’ ಅಂತ ಬರುತ್ತೆ. ಸುಮ್ನೆ ಅದನ್ನ ನೋಡ್ತಾ ಕೂತಿರ್ತಿದ್ದೆ. ಅಮ್ಮಂಗೆ ಹೇಳ್ಬೇಡಿ.”

ಜಿಗಣೆ ಅವಳ ತಲೆ ನೇವರಿಸಿದಳು. ಅಪರಾಧ ವರದಿಗಾರರು ಆರೋಪಿಗಳ ತಲೆ ನೇವರಿಸುವ ಪದ್ಧತಿಯಿಲ್ಲ. ಇವಳು ಆರೋಪಿ ಅಲ್ಲವೆಂದು ಆಗಲೇ ತೀರ್ಮಾನವಾಗಿತ್ತು.

*

ಪತ್ರಿಕೆಯ ಕಚೇರಿಯಲ್ಲಿ ಚಹಾ ಆರುತ್ತಿತ್ತು. ಜಿಗಣೆ ಯೋಚಿಸುತ್ತಿದ್ದಳು. ಪಾಸ್‌ವರ್ಡ್ ಬದಲಾಗಿದೆ ಅಂದರೆ ತಿಂಗಳ ಹಿಂದೆಯೇ ಯಾರೋ ಖಾತೆಗೆ ನುಗ್ಗಿದ್ದಾರೆ. ಸತ್ತವನ ಖಾತೆ ಯಾರಿಗೆ ಬೇಕು? ಪಾಳು ಬಿದ್ದ ಬ್ಲಾಗುಗಳಿಗೆ ಈಗ ತಪ್ಪದೆ ಬರುವ ಅತಿಥಿಗಳೆಂದರೆ ಜಾಹೀರಾತಿನವರು. ಅವರೇ ನುಗ್ಗಿದ್ದರೆ ದಾರಿಹೋಕನ ಹೆಸರಲ್ಲಿ ಏನಾದರೂ ಮಾರಿರಬೇಕು. ಆದರೆ ಖಾತೆಯ ಜೊತೆ ಆ ಕುರುಹೂ ಅಳಿಸಿಹೋಗಿರುತ್ತದೆ.

ಒಂದು ಕಡೆ ಬಿಟ್ಟು.

ಮೊದಲೆಲ್ಲ ಒಬ್ಬರ ಕಾಮೆಂಟಿನ ಕೆಳಗೇ ಉತ್ತರಿಸುವ ಅನುಕೂಲ ಇರಲಿಲ್ಲ. ಯಾರಿಗೆ ಹೇಳುತ್ತಿದ್ದೇವೆಂದು ತಿಳಿಯಲೆಂದು ಅವರ ಒಂದೆರಡು ಪದ ಎತ್ತಿ ಹಾಕಿ, ಕೆಳಗೆ ಉತ್ತರ ಬರೆಯುವುದು ಬಳಗದ ರೂಢಿ. ಮೆಣಸಿನಕಾಯಿ ಮಾತ್ರ ಇಡೀ ಕಾಮೆಂಟನ್ನೇ ಎತ್ತಿ ಹಾಕುತ್ತಿದ್ದರು. ನಾಳೆ ಎದುರಾಳಿ ‘ನಾನು ಹಾಗಂದೇ ಇಲ್ಲ’ ಅನ್ನಬಾರದಲ್ಲ.

ಜಿಗಣೆ ಡಾಕ್ಟರ ಬ್ಲಾಗು ತೆರೆದಳು. ನಿನ್ನೆ ಸಂಜೆ ಅವರು ದಾರಿಹೋಕನ ಹೆಸರಲ್ಲಿ ಬಂದದ್ದನ್ನು ಎತ್ತಿ ಹಾಕಿ, ಕೆಳಗೆ ಬರೆದದ್ದು ಅಲ್ಲೇ ಇತ್ತು.

“ಬೋಳುತಲೆಗೆ ಗ್ಯಾರಂಟಿ ಕೂದಲು. ಇಂದೇ ನಮ್ಮ ಎಣ್ಣೆ ತರಿಸಿಕೊಳ್ಳಿ.”

ಕೆಳಗೆ: ‘ಥೂ. ಸತ್ತವನ ಹೆಸರಲ್ಲಿ ಎಣ್ಣೆ ಮಾರ್ತೀಯೇನೋ? ದಾರಿಹೋಕನ ಹೆಂಡತಿ ಕಣ್ಣಿಗೆ ಬೀಳೋಕೆ ಮುಂಚೆ ನಿನಗೊಂದು ಗತಿ ಕಾಣಿಸ್ತೀನಿ.’

ಜಿಗಣೆ ಎರಡು ಸಲ ಓದಿದಳು. ಎದ್ದು ಚಪ್ಪಲಿ ಮೆಟ್ಟಿದಳು.

*

ಡಾಕ್ಟರು ಖಾಲಿ ಕ್ಲಿನಿಕ್ಕಿನಲ್ಲಿ, ರೋಗಿಗಳ ಕುರ್ಚಿಯಲ್ಲಿ ತಾವೇ ಕೂತಿದ್ದರು.

“ಅಳಿಸಿದ್ದು ನಾನೇ.”

“ಗೊತ್ತು ಡಾಕ್ಟ್ರೇ.”

“ಮೊದಲು ಖಾತೆ ಅಳಿಸಿದ್ರೂ ಕಾಮೆಂಟು ಉಳೀತಿತ್ತು. ಈಗ ತಾಣ ಹೊಸದಾದ ಮೇಲೆ ಎಲ್ಲಾ ಒಟ್ಟಿಗೇ ಹೋಗುತ್ತಂತೆ. ಅಳಿಸಿದ ಮೇಲೆ ಗೊತ್ತಾಯ್ತು. ವಾಪಸ್ ತರೋಕೂ ಬರಲ್ಲ. ಆಯಮ್ಮಂಗೆ ಯಾವ ಬಾಯಲ್ಲಿ ಹೇಳ್ಲಿ?”

“ಜಗಳ ಆಡ್ತಿದ್ದ ಬಾಯಲ್ಲೇ ಹೇಳಿ.”

“ಅವನು ಹೋದ ಮೇಲೆ ನಾನು ಯಾರ ಹತ್ರಾನೂ ಜಗಳ ಆಡಿಲ್ಲಮ್ಮ. ಆಡೋಕೆ ಮನಸ್ಸೇ ಬರಲ್ಲ.” ಡಾಕ್ಟರು ಕನ್ನಡಕ ತೆಗೆದರು. ಅವರು ಅಳುತ್ತಿದ್ದರು.

“ಕೋಟು ಬಿಚ್ಚಿಡಿ. ಹೊಲಿಗೆ ಅಂಗಡಿಗೆ ಹೋಗೋಣ. ನೀವು ಕಳೆದಿದ್ದೂ ನಿಜ, ಉಳಿಸಿದ್ದೂ ನಿಜ.”

*

ಅಂಗಡಿಯಲ್ಲಿ ಜಿಗಣೆ, ಮಗಳು ಹೇಳಬೇಡಿ ಎಂದದ್ದೊಂದನ್ನು ಬಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದಳು. ಮಗಳ ಪಾಸ್‌ವರ್ಡ್ ನಡೆಯದಿದ್ದಾಗಲೇ ಹೊರಗಿನವರ ಕೈವಾಡ ತಿಳಿಯಿತು. ಎಣ್ಣೆಯ ಜಾಹೀರಾತು ಕಂಡಾಗ ಅಳಿಸಿದವರು ಯಾರು, ಯಾಕೆ ಎಂಬುದೂ ತಿಳಿಯಿತು. ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಮಗಳು ಅಮ್ಮನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು.

“ಅಕ್ಕ, ನೀವು ಮರೆಮಾಡಿದ್ದ ಇವರ ಕಾಮೆಂಟುಗಳನ್ನ ಒಂದ್ಸಲ ತೆರೀರಿ.”

ಅಕ್ಕ ತೆರೆದಳು. ಪುಟ ಉದ್ದವಾಗುತ್ತಲೇ ಹೋಯಿತು. ಪ್ರತಿಯೊಂದು ಬೈಗುಳದ ನೆತ್ತಿಯ ಮೇಲೂ ದಾರಿಹೋಕ ಇದ್ದ.

“ಅಂಗಿ ಹೊಲಿಸುವ ನೆಪದಲ್ಲಿ ಎಷ್ಟು ಸಲ ಅಳತೆ ಕೊಡಲಿ? ನೇರವಾಗಿ ಕೇಳುತ್ತೇನೆ. ನನ್ನನ್ನು ಮದುವೆಯಾಗುತ್ತೀರಾ?”

ಕೆಳಗೆ: ‘ಹೆಣ್ಣು ಕೇಳೋದಕ್ಕೆ ಇದೇನಾ ಜಾಗ? ನಾಚಿಕೆ ಆಗಲ್ವಾ? ಆಕೆ ಒಪ್ಪಿದರೆ ಊಟಕ್ಕೆ ಕರೆಯಿರಿ.’

ಅಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಳಗೆ ಬನ್ನಿ, ಕೂತ್ಕೊಳ್ಳಿ,” ಅಂದಳು ಡಾಕ್ಟರಿಗೆ. ಅವರು ಕಟಿಂಗ್ ಮೇಜಿನ ಅಂಚಿನಲ್ಲಿ ಮುದುಡಿ ಕೂತರು. ಅಕ್ಕ ಒಂದೊಂದನ್ನೇ ಓದುತ್ತಾ ಹೋದಳು. ಆಮೇಲೆ ಬೆರಳು ನಿಂತಿತು.

“ಇವಳು ಹುಟ್ಟಿದ ದಿನ ಅವರು ಬರೆದಿದ್ದು ಇಲ್ಲ.”

ಡಾಕ್ಟರು ತಲೆ ತಗ್ಗಿಸಿದರು. “ಆವತ್ತು ಅವನು ಬರೆದಿದ್ದರಲ್ಲಿ ಒಂದು ತಪ್ಪೂ ಇರ್ಲಿಲ್ಲ. ಓದಿ ಸುಮ್ಮನಾದೆ.”

ಮಗಳು ಅಮ್ಮನ ಭುಜಕ್ಕೆ ಒರಗಿದಳು. ಅಕ್ಕ ಡಾಕ್ಟರ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

“ನೀವು ಇನ್ನೂ ಸ್ವಲ್ಪ ಜಗಳ ಆಡ್ಬೇಕಿತ್ತು ಡಾಕ್ಟ್ರೇ,” ಅಂದಳು.