ಹಿಂದಿನ ಸೀಟಿನ ಭಾರ

ಬೈಕು ಗ್ಯಾರೇಜಿನ ಬಾಗಿಲಿಗೆ ಬರುವ ಮುಂಚೆಯೇ ಅದರ ಸುಟ್ಟ ವಾಸನೆ ಒಳಗೆ ಬಂತು. ಮೆಕ್ಯಾನಿಕ್ ಹುಡುಗಿ ತಲೆ ಎತ್ತಲಿಲ್ಲ. ಒರೆಸಿಟ್ಟ ಸ್ಪ್ಯಾನರನ್ನೇ ಮತ್ತೆ ಒರೆಸಿದಳು.

"ಮೇಸ್ತ್ರಿ, ಮತ್ತೆ ಹಿಂದಿನ ಬ್ರೇಕು."

"ನಿಮ್ಮ ಬ್ರೇಕಿಗೆ ನಮ್ಮ ಗ್ಯಾರೇಜು ತವರುಮನೆ ಆಗಿಬಿಟ್ಟಿದೆ."

ಊಟದ ಪೊಟ್ಟಣ ಹೊತ್ತು ಊರೆಲ್ಲ ಸುತ್ತುವ ಡೆಲಿವರಿ ಹುಡುಗ ಅವನು. ಮೊಬೈಲಿನೊಳಗೆ ಕೂತ ಕಂಪನಿ ಅವನ ಉಸಿರಿಗೂ ಲೆಕ್ಕ ಇಟ್ಟಿತ್ತು. ತಡವಾದರೆ ಕೂಲಿಗೆ ಕತ್ತರಿ. ಬಿದ್ದು ಕೈ ಮುರಿದರೆ, ನೀನ್ಯಾರೋ ನಾವ್ಯಾರೋ. ಅಂಥವನು ದುಡಿಮೆಯ ಹೊತ್ತು ಬಿಟ್ಟು ವಾರವಾರ ಇಲ್ಲಿ ಬಂದು ಕೂರುತ್ತಾನೆಂದರೆ?

ಅವಳಿಗೊಂದು ಸಿಹಿ ಗುಮಾನಿ. ಬ್ರೇಕಿನ ನಟ್ಟನ್ನು ಇವನೇ ತಿರುವಿಕೊಂಡು ಬರುತ್ತಿದ್ದಾನೆ. ಬರಲು ನೆವ ಬೇಕಲ್ಲ! ಅದನ್ನು ಹಿಡಿಯಬೇಕೆಂದೇ ಹೋದ ಸಲ ನಟ್ಟಿನ ಮೇಲೆ ಗುಟ್ಟಾಗಿ ಒಂದು ಗೀರು ಬಿಳಿ ಬಣ್ಣ ಎಳೆದಿದ್ದಳು. ಅಂದಿನಿಂದ ಅವಳಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ರಸ್ತೆಯಲ್ಲಿ ಯಾವ ಬೈಕು ಸದ್ದು ಮಾಡಿದರೂ ಕುತ್ತಿಗೆ ತಾನಾಗಿ ತಿರುಗುತ್ತಿತ್ತು.

ಈಗ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬಣ್ಣದ ಗೀರು ಇಟ್ಟಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ.

ಅಂದರೆ ಬ್ರೇಕು ನಿಜವಾಗಿಯೂ ಕೆಟ್ಟಿದೆ. ಅವನು ಬರುವುದು ಬರೀ ಬ್ರೇಕಿಗೆ.

"ಏನಾಯ್ತು, ಮುಖ ಸಪ್ಪಗಾಯ್ತಲ್ಲ?" ಅವನು ಬಗ್ಗಿ ಕೇಳಿದ. ರೆಪ್ಪೆಯ ಮೇಲೆ ರಸ್ತೆಯ ಧೂಳು. ಒರೆಸಬೇಕೆನಿಸಿತು, ಕೈ ತುಂಬ ಗ್ರೀಸು.

"ಏನಿಲ್ಲ. ಜರುಗಿ."

ಮೇನ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದಳು. ಬುಗುರಿಯ ಹಾಗೆ ತಿರುಗಿತು. ಆದರೆ ಡ್ರಮ್ಮು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಬ್ರೇಕ್ ಶೂ ಹೊಸದು, ಸ್ಪ್ರಿಂಗು ಹೊಸದು. ಮತ್ತೆ ಹಿಡಿಯುವುದಾದರೂ ಯಾಕೆ?

ಗ್ಯಾರೇಜಿನ ಒಡೆಯ, ಅವಳ ಸೋದರಮಾವ, ಟ್ಯೂಬಿಗೆ ಪಂಚರ್ ಹಾಕುತ್ತಾ ಗೊಣಗಿದ: "ಸ್ಟ್ಯಾಂಡ್ ಮೇಲೆ ಸಾಧು, ರಸ್ತೆ ಮೇಲೆ ರೌಡಿ. ಕೆಲವು ಗಂಡಸರ ಹಾಗೆ."

ಸ್ಟ್ಯಾಂಡ್ ಮೇಲೆ ಸಾಧು! ತಾನು ಪ್ರತಿಸಲ ನಟ್ಟು ಬಿಗಿದದ್ದು ಗಾಡಿ ಖಾಲಿ ನಿಂತಾಗಲೇ ಅಲ್ಲವೇ? ಅವಳು ಬೈಕನ್ನು ಕೆಳಗಿಳಿಸಿ ಅವನನ್ನು ಹತ್ತಿಸಿದಳು. ಪೆಡಲು ಒತ್ತಿದಳು; ಬೇಕಾದಷ್ಟು ಸಡಿಲ ಇತ್ತು. ಆಮೇಲೆ ಹಿಂದಿನ ಸೀಟಿನ ಮೇಲೆ ಮೈಭಾರವೆಲ್ಲ ಹಾಕಿ ಅಮುಕಿದಳು. ಗಾಡಿ ಕುಗ್ಗಿತು, ಬ್ರೇಕಿನ ರಾಡು ಬಿಗಿಯಿತು, ಪೆಡಲಿನ ಸಡಿಲ ಮಾಯ. ಒತ್ತದೇ ಬ್ರೇಕು ಹಿಡಿದಿತ್ತು.

ರೋಗ ಸಿಕ್ಕಿತು. ಸಿಕ್ಕ ಕೂಡಲೇ ಹೊಟ್ಟೆಗೆ ಬೆಂಕಿ ಬಿತ್ತು.

"ಹಿಂದೆ ಯಾರು ಕೂರ್ತಾರೆ?"

"ಹಿಂದೆನಾ? ಊಟದ ಬ್ಯಾಗು."

"ಬ್ಯಾಗಿನ ಭಾರಕ್ಕೆ ಹೀಗೆ ಸುಡಲ್ಲ. ಆಳು ಕೂರಬೇಕು. ದಿನಾ ಕೂರಬೇಕು."

ಅವನು ರಸ್ತೆಯತ್ತ ಕಣ್ಣು ಹಾಯಿಸಿದ. "ಸ್ವಲ್ಪ ಮೆತ್ತಗೆ ಮಾತಾಡಿ."

"ಯಾಕೆ? ಅವಳ ಮಾನ ಹೋಗತ್ತಾ? ಬ್ರೇಕು ರಿಪೇರಿಗೆ ನಾನು, ಸವಾರಿಗೆ ಅವಳು, ಅಲ್ವಾ? ನಿಂಗೆ ನಾಚಿಕೆ ಆಗಲ್ವೇನೋ?"

'ನೀವು' ಯಾವಾಗ 'ನೀನು' ಆಯಿತೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಮೀಸೆಯಂಚಿನಲ್ಲಿ ನಗು ಬಚ್ಚಿಡಲು ನೋಡಿ ಸೋತ.

"ಅವಳಿಗೆ ನನಗಿಂತ ದಪ್ಪ ಮೀಸೆ ಇದೆ, ಮೇಸ್ತ್ರಿ. ನಮ್ಮ ಯೂನಿಯನ್ನಿನ ಡುಮ್ಮಣ್ಣ. ಬಿಸಿಲಿಗೆ ಬವಳಿ ಬಂದು ಬಿದ್ದವನೊಬ್ಬನ ಪರ ಮಾತಾಡಿದ್ದಕ್ಕೆ ಕೆಲಸದಿಂದ ತೆಗೆದ್ರು, ಕಂಪನಿ ಗಾಡೀನೂ ಕಿತ್ಕೊಂಡ್ರು. ನಾಳೆ ಮುಷ್ಕರ. ಹುಡುಗರನ್ನ ಒಪ್ಪಿಸೋಕೆ ಒಬ್ಬೊಬ್ಬರ ಮನೆಗೂ ನಾನೇ ಅವನನ್ನ ಕೂರಿಸ್ಕೊಂಡು ಹೋಗ್ತಿದೀನಿ. ಗೊತ್ತಾದ್ರೆ ನನ್ನನ್ನೂ ತೆಗೀತಾರೆ."

ಅವಳ ಕಿವಿ ಕೆಂಪಾಯಿತು. ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಸ್ಪ್ಯಾನರು ಎತ್ತಿಕೊಂಡಳು. "ಸರಿ. ಡುಮ್ಮಣ್ಣನ ಭಾರಕ್ಕೇ ಸೆಟ್ ಮಾಡ್ತೀನಿ. ಇನ್ನು ಕೆಡಲ್ಲ."

"ಕೆಡಲ್ವಾ?" ಅವನ ಮುಖ ಬಾಡಿತು. "ಹಾಗಾದ್ರೆ ಇನ್ನು ಬರೋದು ಹೇಗೆ?"

"ಬ್ರೇಕು ಕೆಟ್ರೆ ಮಾತ್ರ ಬರೋದಾ?"

"ಬೇರೆ ಗ್ಯಾರೇಜು ದಾರೀಲಿ ಎಷ್ಟೋ ಇವೆ." ಅವನು ಹ್ಯಾಂಡಲ್ ಹಿಸುಕುತ್ತಾ ಹೇಳಿದ. "ಅವನ್ನೆಲ್ಲ ದಾಟ್ಕೊಂಡು, ಆರ್ಡರ್ ಬಿಟ್ಟು, ಬೈಸ್ಕೊಂಡು ಇಲ್ಲಿಗೇ ಬರ್ತಿದ್ದೆ. ಮುಷ್ಕರ ಗೆಲ್ಲಲಿ, ಡುಮ್ಮಣ್ಣನಿಗೆ ಗಾಡಿ ವಾಪಸ್ ಬರಲಿ, ಹಿಂದಿನ ಸೀಟು ಖಾಲಿ ಆಗಲಿ, ಆಗ ನಿನ್ನ ಕೇಳೋಣ ಅಂತಿದ್ದೆ."

"ಕಂಪನಿ ಒಪ್ಪೋವರೆಗೂ ನಾನು ಕಾಯ್ಬೇಕಾ? ಅವರ್ಯಾರು ನನ್ನ ಕಾಯಿಸೋಕೆ?" ಸ್ಪ್ಯಾನರು ನೆಲಕ್ಕೆ ಬಿತ್ತು. "ಡುಮ್ಮಣ್ಣ ನಾಳೆ ನಮ್ಮ ಮಾವನ ಸ್ಕೂಟರ್ ಹತ್ತಲಿ. ಮುಷ್ಕರದ ಮೆರವಣಿಗೇಲಿ ನಿನ್ನ ಹಿಂದೆ ನಾನು ಕೂರ್ತೀನಿ."

"ಅವನ ಭಾರಕ್ಕೆ ನನ್ನ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಹೋಗತ್ತೆ ಕಣೇ!" ಮಾವ ಕೂಗಿದ.

"ಹೋದ್ರೆ ಹೊಸದು ಹಾಕ್ಕೊಡ್ತೀನಿ, ಮಾವ. ಈಗ ಬಂದು ಈ ನಟ್ಟು ತಿರುಗಿಸು."

ಅವಳು ಕೈ ಒರೆಸಿಕೊಳ್ಳದೆಯೇ ಹಿಂದಿನ ಸೀಟು ಹತ್ತಿ ಅವನ ಹೆಗಲು ಹಿಡಿದಳು. ಅಂಗಿಯ ಮೇಲೆ ಐದು ಬೆರಳು ಗ್ರೀಸಿನಲ್ಲಿ ಮೂಡಿದವು. ಅವನು ಕದಲಲಿಲ್ಲ.

ಮಾವ ಚಕ್ರದ ಪಕ್ಕ ಕೂತು, ಪೆಡಲು ಒತ್ತಿ ನೋಡಿ, ಭಾರ ಪೂರ್ತಿ ಸೀಟಿಗೆ ಬೀಳದ್ದರಿಂದ ಅಳತೆ ಸಿಗದೆ ರೇಗಿದ:

"ಇಬ್ಬರೂ ಉಸಿರಾದ್ರೂ ಬಿಡ್ರೋ! ಹೀಗೆ ಕಲ್ಲಾಗಿ ಕೂತರೆ ನಾಳೆ ರಸ್ತೆ ಮೇಲೆ ಏನು ಗತಿ?"