ಎಡಕ್ಕೆ ತಿರುಗಿದ ಕುದುರೆಗಳು

ಬೆಳಿಗ್ಗೆ ಚದುರಂಗ ಪಂದ್ಯಾವಳಿಯ ಸಭಾಂಗಣದ ಪಕ್ಕದ ಕೋಣೆ ತೆರೆದ ಕಸ ಗುಡಿಸುವವಳು ಪೊರಕೆ ಕೈಬಿಟ್ಟು ಚೀರಿದಳು. ಆಟಗಾರ್ತಿ ಹುಡುಗಿ ಕುರ್ಚಿಯಲ್ಲೇ ವಾಲಿಕೊಂಡು ಸತ್ತಿದ್ದಳು. ಹಿಂದಲೆಯಲ್ಲಿ ಗಾಯ. ಆಟದ ಮರದ ಗಡಿಯಾರ ರಕ್ತ ಮೆತ್ತಿಕೊಂಡು ನೆಲದಲ್ಲಿತ್ತು. ಚದುರಂಗದ ಹಲಗೆಯ ಮೇಲೆ ಕಾಯಿಗಳು ಮಾತ್ರ ನೆಟ್ಟಗಿದ್ದವು.

ಇನ್ಸ್‌ಪೆಕ್ಟರಮ್ಮ ಬಗ್ಗಿದಳು. ಮೇಜಿನಡಿ ಆನೆಕಾಯಿಯ ತಲೆಯ ಚೂರು. ಕಾಯಿಗಳು ಉರುಳಿವೆ, ಯಾರೋ ಮತ್ತೆ ಜೋಡಿಸಿದ್ದಾರೆ.

"ನಿನ್ನೆ ಇವಳ ಎದುರು ಆಡಿದ ಆ ಟೀಚರ್ರೇ ಕೊಂದಿದ್ದು ಮೇಡಂ," ಎಂದ ಸತ್ತವಳ ಅಣ್ಣ. "ಡ್ರಾ ಆದ್ಮೇಲೆ ಅದೇ ಆಟ ಮತ್ತೆ ನೋಡೋಕೆ ಇಬ್ರೂ ಇಲ್ಲಿ ಕೂತ್ರು. ನಾನು ಹೊಸ್ತಿಲೂ ತುಳಿದಿಲ್ಲ."

"ಆಟ ಕಲಿಸಿದ್ದು ನೀವೇ?"

"ಚಿಕ್ಕವಳಿದ್ದಾಗಿಂದ. ಒಂದೇ ಹಟ ಅವಳದು. ಕುದುರೆಗಳನ್ನ ತನ್ನ ಕಡೆ ತಿರುಗಿಸಿಡೋಳು. 'ನನ್ನ ಕುದುರೆ ನನ್ನ ಮುಖ ನೋಡ್ಲಿ ಅಣ್ಣಾ' ಅನ್ನೋಳು."

* * *

ಟೀಚರನ್ನು ಕರೆದೊಯ್ಯಲು ಜೀಪು ನಿಂತಿತ್ತು. ಅವಳು ಇನ್ಸ್‌ಪೆಕ್ಟರಮ್ಮನತ್ತ ತಿರುಗಿದಳು.

"ನನ್ನ ಮಗಳಿಗೆ ಜಡೆ ಹಾಕೋಕೂ ಮನೇಲಿ ಯಾರೂ ಇಲ್ಲ, ಮೇಡಂ. ನಿನ್ನೆ ಗೆಲ್ಲೋ ಆಟಾನ ಆ ಹುಡುಗೀನೇ ಡ್ರಾ ಮಾಡ್ಕೊಂಡ್ಲು. 'ಇದೇ ಕೊನೇದು ಅಕ್ಕಾ, ಇನ್ನು ಆಡಲ್ಲ, ಅಣ್ಣಂಗೆ ಇವತ್ತೇ ಹೇಳ್ತೀನಿ' ಅಂದ್ಲು. ನಾನು ಹೊರಟಾಗ ಚೆನ್ನಾಗೇ ಇದ್ಲು."

"ಸುಳ್ಳು!" ಅಣ್ಣ ಹಾರಿಬಿದ್ದ.

ಇನ್ಸ್‌ಪೆಕ್ಟರಮ್ಮ ಇಬ್ಬರ ಮುಂದೂ ಒಂದೊಂದು ಹಲಗೆ ಇಟ್ಟಳು. "ಕಾಯಿ ಜೋಡಿಸಿ."

ಟೀಚರ್ ಜೋಡಿಸಿದ ಕುದುರೆಗಳು ಎದುರಾಳಿಯತ್ತ ನೋಡಿದವು. ಅಣ್ಣನ ನಾಲ್ಕೂ ಕುದುರೆಗಳು ಎಡಕ್ಕೆ.

"ಒಳಗೆ ಹಲಗೆ ಮೇಲೆ ಮೂರು ಕುದುರೆ ಇವೆ," ಎಂದಳು ಇನ್ಸ್‌ಪೆಕ್ಟರಮ್ಮ. "ಬಿಳಿ ಎರಡು ನಿಮ್ಮ ತಂಗೀದು, ಕಪ್ಪು ಒಂದು ಟೀಚರದ್ದು. ತಂಗಿ ಇಟ್ಟಿದ್ರೆ ಅವಳ ಕಡೆ ನೋಡ್ಬೇಕಿತ್ತು, ಟೀಚರ್ ಇಟ್ಟಿದ್ರೆ ಎದುರಿಗೆ. ಮೂರೂ ಎಡಕ್ಕೆ ನೋಡ್ತಿವೆ. ಟೀಚರ್ ಹೋದ್ಮೇಲೆ ನೀವು ಒಳಗೆ ಬಂದ್ರಿ. ಆಟ ಬಿಡ್ತೀನಿ ಅಂದ್ಲು, ಗಡಿಯಾರ ಎತ್ತಿದ್ರಿ. ಟೀಚರ್ ಜೊತೆ ಆಡ್ತಾ ಇದ್ದಾಗ ಸತ್ತ ಹಾಗೆ ಕಾಣ್ಲಿ ಅಂತ ಉರುಳಿದ ಕಾಯಿ ಜೋಡಿಸಿದ್ರಿ. ಕೈ ಮಾತ್ರ ತನ್ನ ಅಭ್ಯಾಸ ಬಿಡ್ಲಿಲ್ಲ."

ಅಣ್ಣ ತನ್ನ ಬೆರಳುಗಳನ್ನೇ ನೋಡಿದ.

"ನಾನು ಗೆಲ್ಲಲಾಗದ್ದನ್ನ ಅವಳು ಗೆಲ್ತಿದ್ಲು," ಎಂದ. "ಗೆಲ್ಲೋ ಆಟಾನ ಬಿಟ್ಟುಕೊಟ್ಲು. ನಗ್ತಾ ಬಿಟ್ಟುಕೊಟ್ಲು."

* * *

ಜೀಪು ಅವನನ್ನು ಹತ್ತಿಸಿಕೊಂಡು ಹೋಯಿತು.

"ಹೊರಡಿ, ಮಗಳು ಕಾಯ್ತಿರ್ತಾಳೆ," ಎಂದಳು ಇನ್ಸ್‌ಪೆಕ್ಟರಮ್ಮ.

ಟೀಚರ್ ಎದ್ದಳು. ಬಾಗಿಲವರೆಗೆ ಹೋಗಿ ಮರಳಿದಳು. ತಾನು ಜೋಡಿಸಿದ್ದ ಹಲಗೆಯಲ್ಲಿ ಬಿಳಿ ಕುದುರೆಗಳೆರಡನ್ನೂ ಮೆಲ್ಲಗೆ, ಎದುರಿನ ಖಾಲಿ ಕುರ್ಚಿಯತ್ತ ತಿರುಗಿಸಿಟ್ಟಳು.