ಮಂಡಿಯೂರಿದ ಡ್ಯೂಕ್

2023ರ ನವೆಂಬರ್ 18, ಶನಿವಾರ, ಬೆಳಿಗ್ಗೆ 9.10. ಅಮೆರಿಕದ ಗೈದರ್ಸ್‌ಬರ್ಗ್ ಪೊಲೀಸ್ ಠಾಣೆಗೆ ಊರ್ಮಿಳಾ ಒಬ್ಬಳೇ ಬಂದಳು. ನಾಣ್ಯ ಸಂಗ್ರಹಿಸುತ್ತಿದ್ದ ಬದರಿನಾಥರ ಆರೈಕೆಗೆಂದು ಅವರ ಮನೆಯಲ್ಲೇ ಇದ್ದವಳು. ಆ ಮುದುಕರು ಗುರುವಾರ ಸಂಜೆ ಬೇಸ್‌ಮೆಂಟ್ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದ್ದರು. ಕಾಲು ಜಾರಿದ ಸಾವು ಎಂದು ದಾಖಲಾಗಿತ್ತು.

ಡಿಟೆಕ್ಟಿವ್ ತೌಸಿಫ್ ಮೈಸೂರಿನ ಮನೆತನದವನು. ಕನ್ನಡದಲ್ಲೇ ಕೇಳಿದ.

"ಏನು ವಿಷಯ?"

"ಡಬ್ಬೀಲಿರೋ ನಾಣ್ಯ ಅಂಕಲ್‌ದಲ್ಲ ಸರ್. ಯಾರೋ ಬದಲಾಯಿಸಿದಾರೆ."

"ಮನೆ ಕೀ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಕಂಪ್ಲೇಂಟ್ ಕೊಟ್ರೆ ಮೊದಲ ಡೌಟ್ ನಿಮ್ಮ ಮೇಲೇ. ವೀಸಾನೂ ಹೋಗಬಹುದು."

"ಎರಡು ದಿನ ಅದನ್ನೇ ಯೋಚನೆ ಮಾಡಿ ಬಂದೆ."

ತೌಸಿಫ್ ಅವಳ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ಅವಳು ಹೇಳಿದ್ದನ್ನು ಬರೆದುಕೊಂಡ. ನಾಣ್ಯ ಹದಿನೈದನೇ ಶತಮಾನದ ವೆನಿಸ್‌ನ ಚಿನ್ನದ ಡ್ಯುಕಾಟ್. ಅದರ ಮೇಲೆ ನಿಂತ ಸಂತ, ಎದುರಿಗೆ ಮಂಡಿಯೂರಿದ ಡ್ಯೂಕ್, ನಡುವೆ ಧ್ವಜ. ಆ ಧ್ವಜ ಕೈಗೆ ಬಂದರೆ ಡ್ಯೂಕನಿಗೆ ಆಳುವ ಅಧಿಕಾರ ಬಂದಂತೆ. ಸಮುದ್ರ ದಾಟಿ ನಮ್ಮ ಕಡೆಗೆ ಬಂದ ಇಂಥ ನಾಣ್ಯಗಳನ್ನು ಅಜ್ಜಿಯರು ಪುತಳಿ ಸರಕ್ಕೆ ಪೋಣಿಸಿ, ರಾಮ ಸೀತೆ ಎಂದು ಕೈಮುಗಿದರು.

"ಅಂಕಲ್ ಶುಕ್ರವಾರದ ಪೂಜೇಲಿ ನಿಂತಿರೋ ಸಂತನಿಗೆ ಮಾತ್ರ ಕುಂಕುಮ ಇಡೋರು. ಇನ್ನೊಬ್ಬ ಬರೀ ಡ್ಯೂಕ್, ಅವನಿಗ್ಯಾಕೆ ಅಂತ ನಗೋರು. ಇದರಲ್ಲಿ ಇಬ್ಬರಿಗೂ ಇಟ್ಟಿದೆ."

ಅವಳು ತಂದಿದ್ದ ನಾಣ್ಯ ತೂಗಿ ನೋಡಿದರೆ ಹಗುರ. ತಾಮ್ರದ ಮೇಲೆ ಚಿನ್ನದ ನೀರು. ಗುರುವಾರ ಅವಳು ದಿನಸಿಗೆ ಹೋಗಿದ್ದಾಗ, ಸಂಜೆ 6.40ಕ್ಕೆ, ಆ ಮನೆ ಮುಂದೆ ನಿಂತ ಬಿಳಿ ಕಾರು ನೆರೆಯವರ ಕ್ಯಾಮೆರಾದಲ್ಲಿ ಸಿಕ್ಕಿತು. ಕಾರು ಲ್ಯಾನ್‌ಹ್ಯಾಮ್ ಊರಿನಲ್ಲಿದ್ದ ಬದರಿನಾಥರ ತಮ್ಮ ಕೃಷ್ಣಪ್ರಸಾದರದು.

ಸೋಮವಾರ 11.25, ಕೃಷ್ಣಪ್ರಸಾದರ ಮನೆ. ಸರ್ಚ್ ವಾರಂಟ್ ಜೇಬಿನಲ್ಲಿತ್ತು. ತೌಸಿಫ್ ನಾಣ್ಯದ ಫೋಟೋ ಮುಂದಿಟ್ಟ.

"ಇವರಿಬ್ಬರು ಯಾರು ಅಂಕಲ್?"

"ರಾಮ, ಸೀತಮ್ಮ. ನಮ್ಮಜ್ಜಿ ಸರದ್ದು."

"ಗುರುವಾರ ಅಣ್ಣನ ಮನೆಗೆ ಹೋಗಿದ್ರಾ?"

"ದೀಪಾವಳಿ ಆದ್ಮೇಲೆ ಆ ಕಡೆಗೇ ಹೋಗಿಲ್ಲ."

ತೌಸಿಫ್ ಕ್ಯಾಮೆರಾದ ಚಿತ್ರ ತೋರಿಸಿದ. ಮುದುಕರ ಕಣ್ಣು ದೇವರ ಕೋಣೆಯ ಕಡೆಗೆ ಹೋಯಿತು. ಒಳಗೆ ದೀಪದ ಎಣ್ಣೆ ಸುಡುವ ವಾಸನೆ ಬರುತ್ತಿತ್ತು. ತೌಸಿಫ್ ಬೂಟು ಬಿಚ್ಚಿ ದೇವರ ಕೋಣೆಗೆ ಹೋದ. ಈ ದೇಶದಲ್ಲಿ ಪಂಚನಾಮೆಯ ಪದ್ಧತಿ ಇಲ್ಲ. ಅವನ ಎದೆಗೆ ಸಿಕ್ಕಿಸಿದ ಪೊಲೀಸ್ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು. ಸೇವಂತಿಗೆಯ ಅಡಿಯಲ್ಲಿ ನಿಜವಾದ ನಾಣ್ಯವಿತ್ತು. ಅದರಲ್ಲೂ ಇಬ್ಬರ ಹಣೆಗೂ ಹೊಸ ಕುಂಕುಮ.

"ಬದಲಾಯಿಸಿ ಬರೋಣ ಅಂತಷ್ಟೇ ಹೋದೆ. ಅಣ್ಣ ಅದನ್ನ ಮ್ಯೂಸಿಯಂಗೆ ಕೊಡ್ತೀನಿ ಅಂದಿದ್ದ," ಎಂದರು ಕೃಷ್ಣಪ್ರಸಾದರು. "ಕೈಯಲ್ಲಿ ಹಿಡಿದಿದ್ದು ನೋಡಿಬಿಟ್ಟ."

"ಆಮೇಲೆ?"

"ನಕ್ಕ. ಅಜ್ಜಿ ಜೀವಮಾನವೆಲ್ಲ ಒಬ್ಬ ಫಾರಿನ್ ಆಫೀಸರ್‌ಗೆ ಅಡ್ಡಬಿದ್ದಳು ಕಣೋ ಅಂದ. ಮೆಟ್ಟಿಲ ಮೇಲೆ ನಿಂತಿದ್ದ. ತಳ್ಳಿದೆ."

12.05ಕ್ಕೆ ಬಂಧನವಾಯಿತು. ಕಾರು ಹತ್ತುವ ಮೊದಲು ಅವರು ಒಂದೇ ಮಾತು ಕೇಳಿದರು.

"ಆ ಹುಡುಗಿಗೆ ಹೇಗೆ ಗೊತ್ತಾಯ್ತು?"

"ಪ್ರತಿ ಶುಕ್ರವಾರ ಪೂಜೆಗೆ ತಟ್ಟೆ ಜೋಡಿಸಿಕೊಡ್ತಿದ್ದಳು. ನಿಮ್ಮಣ್ಣ ಕುಂಕುಮ ಇಡ್ತಿದ್ದಿದ್ದು ಒಬ್ಬರಿಗೇ."

ಅವರು ತಲೆಯಾಡಿಸಿದರು. ಅಜ್ಜಿಯ ದೇವರನ್ನು ಉಳಿಸಿಕೊಳ್ಳಲು ಹೋದ ಮನುಷ್ಯ ಒಡಹುಟ್ಟಿದವನನ್ನು ಕಳೆದುಕೊಂಡಿದ್ದ. ಮಧ್ಯಾಹ್ನ ಎರಡಕ್ಕೆ ತೌಸಿಫ್ ಶಂಕಿತರ ಪಟ್ಟಿಯಿಂದ ಊರ್ಮಿಳಾಳ ಹೆಸರು ತೆಗೆದು, ಅವಳ ಪಾಸ್‌ಪೋರ್ಟನ್ನು ತಾನೇ ಕೊಂಡೊಯ್ದು ಅವಳ ಕೈಗಿತ್ತ.